ಎತ್ತಿಗೆ ಜ್ವರ, ಎಮ್ಮೆಗೆ ಬರೆ

2024ರ ಫೆಬ್ರುವರಿ 27ರ ಸಂಜೆ ವಿಧಾನಸೌಧದಲ್ಲಿ ಮೊಳಗಿದ ಜೈಕಾರವೊಂದು ವಾರ ಕಳೆಯುವುದರೊಳಗೆ ಬ್ಯಾಡಗಿಯ ಮೆಣಸಿನಕಾಯಿ ಪೇಟೆಗೆ ಬಂದು ಮುಟ್ಟಿತು. ಅಂದು ರಾಜ್ಯಸಭೆ ಚುನಾವಣೆಯ ಫಲಿತಾಂಶ. ಕಾಂಗ್ರೆಸ್ಸಿನ ಸೈಯದ್ ನಾಸಿರ್ ಹುಸೇನ್ ಗೆದ್ದಿದ್ದರು, ಬೆಂಬಲಿಗರು ಕೂಗು ಹಾಕುತ್ತಿದ್ದರು. ಕೂಗಿದ್ದು ‘ಪಾಕಿಸ್ತಾನ್ ಜಿಂದಾಬಾದ್’ ಎಂದು ಒಂದು ಕಡೆಯವರು, ‘ನಾಸಿರ್ ಸಾಬ್ ಜಿಂದಾಬಾದ್’ ಎಂದು ಇನ್ನೊಂದು ಕಡೆಯವರು. ಟಿವಿಯಲ್ಲಿ ಅದೇ ತುಣುಕನ್ನು ಹಾಕಿದ್ದೇ ಹಾಕಿದ್ದು. ಕೊನೆಗೆ ವಿಧಿವಿಜ್ಞಾನ ಪ್ರಯೋಗಾಲಯದ ವರದಿ ಮತ್ತು ಸಾಂದರ್ಭಿಕ ಸಾಕ್ಷ್ಯದ ಆಧಾರವಿದೆ ಎಂದು ಹೇಳಿ ಬೆಂಗಳೂರು ಪೊಲೀಸರು ಮಾರ್ಚ್ 4ರಂದು ಮೂವರನ್ನು ಬಂಧಿಸಿದರು. ಒಬ್ಬರು ದೆಹಲಿಯವರು, ಒಬ್ಬರು ಬೆಂಗಳೂರಿನವರು, ಮೂರನೆಯವರು ಬ್ಯಾಡಗಿಯ ಮೆಣಸಿನಕಾಯಿ ವ್ಯಾಪಾರಿ.

ಯಾರು ಏನು ಕೂಗಿದರು ಎಂದು ತೀರ್ಮಾನಿಸುವುದು ನ್ಯಾಯಾಲಯದ ಕೆಲಸ, ನಾನು ಅದಕ್ಕೆ ಕೈ ಹಾಕುವುದಿಲ್ಲ. ನನ್ನ ಲಕ್ಷ್ಯವಿರುವುದು ಆ ದಿನಗಳಲ್ಲಿ ಕುಮಾರಪಟ್ಟಣದಿಂದ ರಾಣೇಬೆನ್ನೂರಿನವರೆಗೆ ಚಹಾದಂಗಡಿಗಳಲ್ಲಿ ಮಾತು ಹಿಡಿದ ದಾರಿಯ ಮೇಲೆ. ‘ಕೂಗಿದ್ರ ತಪ್ಪು’ ಎಂದು ಶುರುವಾದದ್ದು ಕಪ್ಪು ಖಾಲಿಯಾಗುವ ಹೊತ್ತಿಗೆ ‘ಅವ್ರು ಉಣ್ಣೋದು ಇಲ್ಲಿ, ಹಾಡೋದು ಅಲ್ಲಿದು’ ಎಂದಾಗುತ್ತಿತ್ತು. ಮೊದಲ ಮಾತಿನಲ್ಲಿ ಒಬ್ಬ ಆರೋಪಿ ಇದ್ದ. ಎರಡನೆಯದರಲ್ಲಿ ಇಡೀ ಸಮುದಾಯ ಬಂದು ನಿಂತಿತ್ತು. ಒಂದು ದೇಶದ ಸರ್ಕಾರವನ್ನು, ಸೈನ್ಯವನ್ನು, ಕಾನೂನನ್ನು ಖಂಡಿಸುವುದು ಎಲ್ಲಿಗೆ ಮುಗಿಯುತ್ತದೆ, ಒಂದು ಧರ್ಮದವರ ಮೇಲಿನ ಹಗೆ ಎಲ್ಲಿಂದ ಶುರುವಾಗುತ್ತದೆ ಎಂಬ ಪ್ರಶ್ನೆ ಜಗತ್ತಿನ ದೊಡ್ಡ ವಿಶ್ವವಿದ್ಯಾಲಯಗಳಲ್ಲಿ ಎಷ್ಟು ಜಟಿಲವಾಗಿದೆಯೋ ನಮ್ಮ ಚಹಾದಂಗಡಿಯ ಬೆಂಚಿನ ಮೇಲೂ ಅಷ್ಟೇ ಜಟಿಲವಾಗಿದೆ.

ನಾವು ಸಾಮಾನ್ಯವಾಗಿ ಇದನ್ನು ಮಾತಿನ ಬಿಸಿಯಿಂದ ಅಳೆಯುತ್ತೇವೆ. ಮೆಲ್ಲಗೆ ಹೇಳಿದರೆ ಟೀಕೆ, ಕೂಗಾಡಿದರೆ ದ್ವೇಷ. ಈ ಅಳತೆ ನಿಲ್ಲುವುದಿಲ್ಲ. ತೀರ ಕಟುವಾದ ಮಾತೂ ನ್ಯಾಯದ ಟೀಕೆಯಾಗಿರಬಹುದು. ‘ನೀವು ಛಲೋ ಮಂದಿ ಬಿಡ್ರಿ, ಉಳಿದವ್ರಂಗ ಅಲ್ಲ’ ಎಂಬ ಹೊಗಳಿಕೆಯೂ ಹೊಟ್ಟೆಯಲ್ಲಿ ಹಗೆ ಇಟ್ಟುಕೊಂಡಿರಬಹುದು. ನಾನು ನೋಡುವುದು ಜವಾಬು ಯಾರಿಂದ ಕೇಳುತ್ತಿದ್ದಾರೆ ಎಂಬುದನ್ನು. ಮಾಡಿದವರಿಂದ ಕೇಳಿದರೆ ಅದು ಟೀಕೆ. ಮಾಡಿದವರ ಧರ್ಮದಲ್ಲಿ ಹುಟ್ಟಿದ್ದು ಬಿಟ್ಟರೆ ಬೇರೆ ಸಂಬಂಧವೇ ಇಲ್ಲದವರಿಂದ ಕೇಳಿದರೆ, ಎಷ್ಟೇ ಸಭ್ಯವಾಗಿ ಕೇಳಲಿ, ಅಲ್ಲಿ ಗೆರೆ ದಾಟಿಯಾಯಿತು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದರು ಎಂದು ಹಿರಿಯರು ಆಡಿಕೊಂಡದ್ದು ದನದ ವೈದ್ಯವನ್ನು ಮಾತ್ರ ಕುರಿತು ಇರಲಿಕ್ಕಿಲ್ಲ.

ಮಾಡಿದವರಿಂದಲೇ ಜವಾಬು ಕೇಳುವ ಈ ಶಿಸ್ತು ನಮ್ಮ ಹಾವೇರಿ ಜಿಲ್ಲೆಗೆ ಹೊಸದೇನಲ್ಲ. 1984ರಲ್ಲಿ ರಾಜ್ಯ ಸರ್ಕಾರವೂ ನಮ್ಮ ಕುಮಾರಪಟ್ಟಣದ ಹರಿಹರ ಪಾಲಿಫೈಬರ್ಸ್ ಕಾರ್ಖಾನೆಯೂ ಸೇರಿ ಕರ್ನಾಟಕ ಪಲ್ಪ್‌ವುಡ್ಸ್ ಎಂಬ ಕಂಪನಿ ಕಟ್ಟಿದವು. ಹಳ್ಳಿಗರು ಮೇವಿಗೆ, ಸೌದೆಗೆ ನಂಬಿಕೊಂಡಿದ್ದ ಸುಮಾರು 30 ಸಾವಿರ ಹೆಕ್ಟೇರ್ ಭೂಮಿಯಲ್ಲಿ ನೀಲಗಿರಿ ಬೆಳೆಸುವ ಯೋಜನೆ ಅದು. ಎಸ್.ಆರ್. ಹಿರೇಮಠರ ಸಮಾಜ ಪರಿವರ್ತನ ಸಮುದಾಯ ಎದುರು ನಿಂತಿತು. 1987ರ ನವೆಂಬರ್ 14ರಂದು ಹಾನಗಲ್ ತಾಲ್ಲೂಕಿನ ಕುಸನೂರಿನಲ್ಲಿ ಜನ ನೀಲಗಿರಿ ಸಸಿ ಕಿತ್ತು, ತಮಗೆ ಬೇಕಾದ ಗಿಡ ಹಚ್ಚಿದರು. ಕಿತ್ತಿಕೊ-ಹಚ್ಚಿಕೊ ಎಂದೇ ಆ ಸತ್ಯಾಗ್ರಹಕ್ಕೆ ಹೆಸರು. ಶಿವರಾಮ ಕಾರಂತರು ಅರ್ಜಿದಾರರಾಗಿ ಸುಪ್ರೀಂ ಕೋರ್ಟಿಗೆ ಹೋದರು. 1991ರಲ್ಲಿ ಕಂಪನಿ ಮುಚ್ಚಿತು. ಕಾರ್ಖಾನೆಯ ಒಡೆತನ ಬಿರ್ಲಾ ಮನೆತನದ್ದು ಎಂದು ಎಲ್ಲರಿಗೂ ಗೊತ್ತಿತ್ತು. ಆದರೂ ಹೋರಾಟದ ಮಾತು ಕಂಪನಿಯ ಮೇಲೆ, ಸರ್ಕಾರದ ಮೇಲೆ, ಒಪ್ಪಂದದ ಕಾಗದದ ಮೇಲೆ ನಿಂತಿತು. ರಾಣೇಬೆನ್ನೂರಿನ ಬಟ್ಟೆ ಅಂಗಡಿಯ ಮಾರವಾಡಿಯನ್ನು ನಿಲ್ಲಿಸಿ ‘ನಿಮ್ಮವರು ಹೀಗೇಕೆ ಮಾಡಿದರು’ ಎಂದು ಕೇಳುವುದು ಚಳವಳಿಯ ಭಾಗವಾಗಲಿಲ್ಲ.

ಅದಕ್ಕೂ ಹಿಂದಿನವರು ಬ್ಯಾಡಗಿ ತಾಲ್ಲೂಕಿನ ಮೋಟೆಬೆನ್ನೂರಿನ ಮೈಲಾರ ಮಹಾದೇವಪ್ಪ. 1930ರ ದಂಡಿಯಾತ್ರೆಯಲ್ಲಿ ಗಾಂಧೀಜಿಯ ಜೊತೆ ನಡೆದ ಕನ್ನಡಿಗ. 1943ರ ಏಪ್ರಿಲ್ 1ರಂದು ಹೊಸರಿತ್ತಿಯಲ್ಲಿ ಪೊಲೀಸರ ಗುಂಡಿಗೆ ಬಿದ್ದಾಗ ಅವರು ಮುತ್ತಿದ್ದು ಸರ್ಕಾರದ ಕಂದಾಯದ ಹಣವನ್ನು. ಇಂಗ್ಲಿಷರ ರಾಜ್ಯವನ್ನು ಉರುಳಿಸಲು ಹೊರಟವರು ಇಂಗ್ಲಿಷರ ಧರ್ಮದ ತಂಟೆಗೆ ಹೋಗಲಿಲ್ಲ.

ಗೆರೆ ದಾಟಿದ್ದನ್ನು ಕಣ್ಣಿಗೆ ಕಟ್ಟುವಂತೆ ತೋರಿಸುವ ಪ್ರಕರಣ ಕರಾವಳಿಯದು. ಅದರ ಬಗ್ಗೆ ಸ್ವಲ್ಪ ನಿಧಾನವಾಗಿ ಮಾತಾಡಬೇಕು, ಏಕೆಂದರೆ ಅದನ್ನು ಎರಡೂ ಕಡೆಯವರು ಅರ್ಧ ಮಾತ್ರ ಹೇಳುತ್ತಾರೆ. ಎರಡನೆಯ ಮೈಸೂರು ಯುದ್ಧದಲ್ಲಿ, 1783ರಲ್ಲಿ, ಈಸ್ಟ್ ಇಂಡಿಯಾ ಕಂಪನಿಯ ಸೈನ್ಯ ಮಂಗಳೂರಿನ ಕೋಟೆ ಹಿಡಿಯಿತು. ಟಿಪ್ಪು ಮುತ್ತಿಗೆ ಹಾಕಿ 1784ರ ಆರಂಭದಲ್ಲಿ ಅದನ್ನು ಮರಳಿ ಪಡೆದ. ಕೆನರಾದ ಕ್ರೈಸ್ತರು ಕಂಪನಿಗೆ ನೆರವಾದರು ಎಂಬ ಆರೋಪ ಹುಟ್ಟಿತು. 1784ರ ಫೆಬ್ರುವರಿ 24ರಂದು, ಅವರ ತಪಸ್ಸಿನ ಕಾಲ ಶುರುವಾಗುವ ಹೊತ್ತಿಗೆ, ಅವರನ್ನು ಕುಟುಂಬ ಸಮೇತ ಹಿಡಿದು ಘಟ್ಟ ಹತ್ತಿಸಿ ಶ್ರೀರಂಗಪಟ್ಟಣಕ್ಕೆ ನಡೆಸಿದರು. ಎಷ್ಟು ಜನ ಎಂಬುದರಲ್ಲಿ ಲೆಕ್ಕಗಳು ಹೊಂದುವುದಿಲ್ಲ. ಕಡಿಮೆ ಹೇಳುವವರು 30 ಸಾವಿರ ಎನ್ನುತ್ತಾರೆ, ಹೆಚ್ಚು ಹೇಳುವವರು 60 ಸಾವಿರ, ಅದಕ್ಕೂ ಮೇಲೆ. ದಾರಿಯಲ್ಲಿ ಸತ್ತರು, ಸೆರೆಯಲ್ಲಿ ಸತ್ತರು. ಉಳಿದವರು ಊರು ಕಂಡದ್ದು 1799ರಲ್ಲಿ ಟಿಪ್ಪು ಮಡಿದ ಮೇಲೆ.

ಟಿಪ್ಪುವಿನ ಅಭಿಮಾನಿಗಳು ಇದು ರಾಜಕೀಯ ಕ್ರಮ, ಯುದ್ಧಕಾಲದ ಶಿಕ್ಷೆ ಎನ್ನುತ್ತಾರೆ. ಅವರ ಮಾತಿಗೆ ಆಧಾರವಿಲ್ಲದಿಲ್ಲ. ಟಿಪ್ಪುವಿನ ಮಿತ್ರರಾಗಿದ್ದ ಫ್ರೆಂಚರೂ ಕ್ಯಾಥೊಲಿಕರೇ. ವಿರೋಧಿಗಳು ಇದು ಬರೀ ಮತಾಂಧತೆ ಎನ್ನುತ್ತಾರೆ. ನನಗೆ ಕಾಣುವಂತೆ ಕಾರಣ ರಾಜಕೀಯದ್ದು, ಪಟ್ಟಿ ಧರ್ಮದ್ದು. ಕಂಪನಿಗೆ ಅಕ್ಕಿ ಕೊಟ್ಟವನು ಯಾರು, ಸುದ್ದಿ ಮುಟ್ಟಿಸಿದವನು ಯಾರು ಎಂದು ಹುಡುಕಿ ಶಿಕ್ಷಿಸಿದ್ದರೆ ಅದು ಅಂದಿನ ಯಾವ ಅರಸನೂ ಮಾಡುತ್ತಿದ್ದ ಕೆಲಸ. ಹಸುಗೂಸಿನಿಂದ ಹಿಡಿದು ಮುದುಕಿಯವರೆಗೆ ಇಗರ್ಜಿಗೆ ಹೋಗುವವರೆಲ್ಲ ಕಂಪನಿಯವರೇ ಎಂದು ತೀರ್ಮಾನಿಸಿದ ಗಳಿಗೆಯಲ್ಲಿ ಅದು ಬೇರೆಯಾಯಿತು. ರಾಜಕೀಯ ಕಾರಣವಿತ್ತು ಎಂದು ತೋರಿಸಿಬಿಟ್ಟರೆ ಧರ್ಮದ್ವೇಷ ಅಲ್ಲವೆಂದಾಗುವುದಿಲ್ಲ. ಧರ್ಮದ್ವೇಷಕ್ಕೆ ಬಹುತೇಕ ಸಲ ಒಂದು ರಾಜಕೀಯ ಕಾರಣ ಇದ್ದೇ ಇರುತ್ತದೆ.

ಅದೇ ಕಾಲದ ಇನ್ನೆರಡು ಸಂಗತಿ ಪಕ್ಕದಲ್ಲಿಟ್ಟು ನೋಡಿ. ನಮ್ಮ ಜಿಲ್ಲೆಯ ಸವಣೂರಿನ ನವಾಬ ಮರಾಠರ ಪಕ್ಷ ಹಿಡಿದದ್ದಕ್ಕೆ 1786ರಲ್ಲಿ ಟಿಪ್ಪುವಿನ ಸೈನ್ಯ ಸವಣೂರಿಗೆ ನುಗ್ಗಿತು, ನವಾಬ ಮರಾಠರ ಪಾಳೆಯಕ್ಕೆ ಓಡಿದ. 1791ರಲ್ಲಿ ಶೃಂಗೇರಿ ಮಠವನ್ನು ದೋಚಿದ್ದು ಮರಾಠರ ದಂಡು, ಪರಿಹಾರ ಕೊಟ್ಟು ಪತ್ರ ಬರೆದದ್ದು ಟಿಪ್ಪು. ರಾಜ್ಯಗಳು ರಾಜ್ಯಗಳಂತೆ ನಡೆದುಕೊಂಡದ್ದಕ್ಕೆ ಇದು ಸಾಕ್ಷಿ. ಈ ಎರಡು ಸಂಗತಿ ಹೇಳಿ ಮಂಗಳೂರಿನದನ್ನು ತೊಳೆಯಲು ಹೋಗುವವರೂ ಇದ್ದಾರೆ. ಅದು ತೊಳೆಯುವುದಿಲ್ಲ.

ಈಗಿನ ಕಾಲಕ್ಕೆ ಬರೋಣ. ಮೊದಲು ಒಂದು ಮಾತು ಸ್ಪಷ್ಟವಾಗಬೇಕು: ಪಾಕಿಸ್ತಾನವನ್ನು ಟೀಕಿಸುವುದಕ್ಕೆ ಯಾರೂ ಸಂಕೋಚಪಡಬೇಕಾಗಿಲ್ಲ. 1974ರಲ್ಲಿ ಸಂವಿಧಾನ ತಿದ್ದಿ ಅಹ್ಮದೀಯರನ್ನು ಮುಸ್ಲಿಮರಲ್ಲವೆಂದು ಸಾರಿದ ದೇಶ ಅದು. 1986ರಲ್ಲಿ ಧರ್ಮನಿಂದೆಗೆ ಮರಣದಂಡನೆಯ ಕಲಮು ಸೇರಿಸಿದ ದೇಶ. ಆ ಕಾನೂನನ್ನು ಪ್ರಶ್ನಿಸಿದ ಪಂಜಾಬಿನ ರಾಜ್ಯಪಾಲ ಸಲ್ಮಾನ್ ತಸೀರ್ ಅವರನ್ನು 2011ರ ಜನವರಿ 4ರಂದು ಅವರ ಅಂಗರಕ್ಷಕನೇ ಕೊಂದ, ಕೋರ್ಟಿಗೆ ತಂದಾಗ ಕೊಲೆಗಾರನ ಮೇಲೆ ವಕೀಲರು ಹೂ ಎರಚಿದರು. 1971ರಲ್ಲಿ ಪೂರ್ವ ಬಂಗಾಳದಲ್ಲಿ ಅದರ ಸೈನ್ಯ ಮಾಡಿದ್ದು, ಆಮೇಲೆ ಅದರ ನೆಲದಿಂದ ಮುಂಬೈಗೆ ಬಂದವರು 2008ರಲ್ಲಿ ಮಾಡಿದ್ದು ಎಲ್ಲವೂ ದಾಖಲೆಯಲ್ಲಿದೆ. ಇದನ್ನೆಲ್ಲ ಎತ್ತಿದರೆ ಕೋಮುವಾದ ಎನ್ನುವವರು ಆ ದೇಶದೊಳಗೇ ನಿಂತು ಇವೇ ಮಾತು ಆಡಿದ ಅಸ್ಮಾ ಜಹಾಂಗೀರ್ ಅಂಥವರಿಗೆ ದ್ರೋಹ ಮಾಡುತ್ತಾರೆ. ಪಾಕಿಸ್ತಾನದ ಪ್ರಭುತ್ವದ ಅತ್ಯಂತ ಧೈರ್ಯದ ಟೀಕಾಕಾರರು ಪಾಕಿಸ್ತಾನದ ಮುಸ್ಲಿಮರೇ ಎಂಬುದು ನಮ್ಮ ಟಿವಿ ಚರ್ಚೆಗಳಿಗೆ ಒಗ್ಗದ ಸಂಗತಿ.

ಹಾಗೆಯೇ ಪಾಕಿಸ್ತಾನದ ಬಗ್ಗೆ ಒಳ್ಳೆಯ ಮಾತು ಆಡುವುದಕ್ಕೂ ಅಂಜಬೇಕಾಗಿಲ್ಲ. 2016ರ ಆಗಸ್ಟಿನಲ್ಲಿ ಅಂದಿನ ರಕ್ಷಣಾ ಸಚಿವ ಮನೋಹರ್ ಪರಿಕ್ಕರ್ ಪಾಕಿಸ್ತಾನಕ್ಕೆ ಹೋಗುವುದೂ ನರಕಕ್ಕೆ ಹೋಗುವುದೂ ಒಂದೇ ಎಂದರು. ಆಗಷ್ಟೇ ಇಸ್ಲಾಮಾಬಾದಿಗೆ ಹೋಗಿ ಬಂದಿದ್ದ ನಟಿ, ಮಾಜಿ ಸಂಸದೆ ರಮ್ಯಾ ಅದು ನರಕವಲ್ಲ, ಅಲ್ಲಿಯ ಜನ ನಮ್ಮಂಥವರೇ ಎಂದರು. ಸೋಮವಾರಪೇಟೆಯ ಕೋರ್ಟಿನಲ್ಲಿ ಅವರ ಮೇಲೆ ರಾಜದ್ರೋಹದ ದೂರು ಬಿತ್ತು. ಅವರು ಕ್ಷಮೆ ಕೇಳಲಿಲ್ಲ. 2020ರ ಫೆಬ್ರುವರಿ 20ರಂದು ಬೆಂಗಳೂರಿನ ಫ್ರೀಡಂ ಪಾರ್ಕಿನ ವೇದಿಕೆಯಲ್ಲಿ 19 ವರ್ಷದ ವಿದ್ಯಾರ್ಥಿನಿಯೊಬ್ಬಳು ಪಾಕಿಸ್ತಾನಕ್ಕೂ ಹಿಂದೂಸ್ತಾನಕ್ಕೂ ಒಂದರ ಹಿಂದೆ ಒಂದು ಜಿಂದಾಬಾದ್ ಹೇಳಿ ಮುಗಿಸುವಷ್ಟರಲ್ಲಿ ಮೈಕು ಕಸಿದರು. ಜೈಲಾಯಿತು, ಮನೆಯ ಮೇಲೆ ದಾಳಿಯಾಯಿತು. 90 ದಿನದಲ್ಲಿ ಪೊಲೀಸರು ಆರೋಪಪಟ್ಟಿಯನ್ನೇ ಸಲ್ಲಿಸದ್ದರಿಂದ ಜೂನಿನಲ್ಲಿ ಜಾಮೀನು ಸಿಕ್ಕಿತು.

ಈ ಇಬ್ಬರ ಮೇಲೂ ಬೈಗುಳದ ಸುರಿಮಳೆಯಾಯಿತು. ಆದರೆ ಇಬ್ಬರೂ ಮುಸ್ಲಿಮರಲ್ಲ. ಅವರು ಹುಟ್ಟಿದ ಜಾತಿಯನ್ನೋ ಧರ್ಮವನ್ನೋ ಕರೆದು ‘ನಿಮ್ಮ ನಿಷ್ಠೆ ಯಾವ ಕಡೆ’ ಎಂದು ಯಾರೂ ಕೇಳಲಿಲ್ಲ. ಅದೇ ಜೈಕಾರದ ಆರೋಪ ಬ್ಯಾಡಗಿಯ ವ್ಯಾಪಾರಿಯ ಮೇಲೆ ಬಂದಾಗ ಪ್ರಶ್ನೆ ಇಡೀ ಓಣಿಗೆ ಹೋಯಿತು. ಮಾತು ಒಂದೇ ಆದರೂ ಆಡಿದವರ ಹೆಸರು ನೋಡಿ ಲೆಕ್ಕ ಬದಲಾಗುತ್ತದೆ.

ಈ ವಿಷಯದಲ್ಲಿ ನ್ಯಾಯಾಲಯಗಳು ಏನು ಹೇಳಿವೆ? ಬ್ಯಾಡಗಿಯ ಬಂಧನವಾಗಿ ಮೂರೇ ದಿನಕ್ಕೆ, 2024ರ ಮಾರ್ಚ್ 7ರಂದು, ಸುಪ್ರೀಂ ಕೋರ್ಟ್ ಕೊಲ್ಹಾಪುರದ ಒಂದು ಮೊಕದ್ದಮೆಯಲ್ಲಿ ತೀರ್ಪು ಕೊಟ್ಟಿತು. ಅಲ್ಲಿಯ ಕಾಲೇಜೊಂದರಲ್ಲಿ ಪಾಠ ಹೇಳುತ್ತಿದ್ದ ಕಾಶ್ಮೀರಿ ಪ್ರಾಧ್ಯಾಪಕರೊಬ್ಬರು 370ನೇ ವಿಧಿ ರದ್ದಾದ ಆಗಸ್ಟ್ 5 ಕರಾಳ ದಿನ ಎಂದೂ, ಆಗಸ್ಟ್ 14ಕ್ಕೆ ಪಾಕಿಸ್ತಾನಕ್ಕೆ ಸ್ವಾತಂತ್ರ್ಯ ದಿನದ ಶುಭಾಶಯ ಎಂದೂ ವಾಟ್ಸಾಪ್ ಸ್ಟೇಟಸ್ ಹಾಕಿದ್ದರು. ಕೋಮುಗಳ ನಡುವೆ ವೈರ ಹುಟ್ಟಿಸುವ 153-ಎ ಕಲಮಿನಡಿ ಕೇಸು. ನ್ಯಾಯಮೂರ್ತಿಗಳಾದ ಅಭಯ್ ಎಸ್. ಓಕ ಮತ್ತು ಉಜ್ಜಲ್ ಭುಯಾನ್ ಕೇಸು ರದ್ದು ಮಾಡಿದರು. ಸರ್ಕಾರದ ತೀರ್ಮಾನವನ್ನು ಟೀಕಿಸುವ ಹಕ್ಕು ಪ್ರತಿ ನಾಗರಿಕನಿಗೂ ಇದೆ, ಬೇರೆ ದೇಶದವರಿಗೆ ಅವರ ಸ್ವಾತಂತ್ರ್ಯ ದಿನಕ್ಕೆ ಶುಭ ಕೋರುವುದು ತಪ್ಪಲ್ಲ ಎಂದರು. ನನಗೆ ಮುಖ್ಯವೆನಿಸುವುದು ಅದರ ಜೊತೆಗೇ ಬಂದ ಇನ್ನೊಂದು ಮಾತು: ಇಂಥ ಧರ್ಮಕ್ಕೆ ಸೇರಿದವನು ಎಂಬ ಒಂದೇ ಕಾರಣಕ್ಕೆ ಆತನ ಮೇಲೆ ದುರುದ್ದೇಶ ಹೊರಿಸಲಾಗದು. ಈ ಲೇಖನದ ಪ್ರಶ್ನೆಗೆ ನಮ್ಮ ನ್ಯಾಯಾಂಗ ಕೊಟ್ಟ ಅತ್ಯಂತ ನೇರ ಉತ್ತರ ಅದು.

ಓಕ ಅವರಿಗೆ ಈ ಪ್ರಶ್ನೆ ಹೊಸದಾಗಿರಲಿಲ್ಲ. ಅವರು ಕರ್ನಾಟಕ ಹೈಕೋರ್ಟಿನ ಮುಖ್ಯ ನ್ಯಾಯಮೂರ್ತಿಯಾಗಿದ್ದಾಗಲೇ, 2020ರ ಫೆಬ್ರುವರಿಯಲ್ಲಿ, ಹುಬ್ಬಳ್ಳಿಯಲ್ಲಿ ಓದುತ್ತಿದ್ದ ಮೂವರು ಕಾಶ್ಮೀರಿ ಎಂಜಿನಿಯರಿಂಗ್ ವಿದ್ಯಾರ್ಥಿಗಳು ಪಾಕಿಸ್ತಾನಕ್ಕೆ ಜೈ ಎನ್ನುವ ವಿಡಿಯೊ ಹಾಕಿದ್ದಕ್ಕೆ ರಾಜದ್ರೋಹದ ಕೇಸಿನಲ್ಲಿ ಸಿಕ್ಕಿಕೊಂಡರು. ಹುಡುಗರದು ಪುಲ್ವಾಮ ದಾಳಿಯ ಮೊದಲ ವರ್ಷದ ನೆನಪು ಹಸಿಯಾಗಿದ್ದ ವಾರದಲ್ಲಿ ಮಾಡಿದ ಹೊಣೆಗೇಡಿ ಕೆಲಸ, ಅದರಲ್ಲಿ ನನಗೆ ಅನುಮಾನವಿಲ್ಲ. ಹುಬ್ಬಳ್ಳಿಯ ವಕೀಲರ ಸಂಘ ಅವರ ಪರ ಯಾರೂ ವಕಾಲತ್ತು ಹಾಕಬಾರದು ಎಂದು ಠರಾವು ಮಾಡಿತು. ಬೆಂಗಳೂರಿನಿಂದ ಬಂದ ವಕೀಲರು ಪೊಲೀಸ್ ಕಾವಲಿನಲ್ಲಿ ಧಾರವಾಡದ ಕೋರ್ಟಿಗೆ ಹೋಗಬೇಕಾಯಿತು. ಆ ಠರಾವನ್ನು ಓಕ ಕಟುವಾಗಿ ಖಂಡಿಸಿದರು. ಅದಕ್ಕೂ ತಿಂಗಳ ಮೊದಲು, 2020ರ ಜನವರಿಯಲ್ಲಿ, ಬೆಂಗಳೂರಿನ ಬೆಳ್ಳಂದೂರು ಹತ್ತಿರದ ಕರಿಯಮ್ಮನ ಅಗ್ರಹಾರದಲ್ಲಿ ‘ಬಾಂಗ್ಲಾದೇಶದವರು’ ಎಂಬ ಗುಲ್ಲೆಬ್ಬಿಸಿ ಕೂಲಿಕಾರರ ಜೋಪಡಿಗಳನ್ನು ನೆಲಸಮ ಮಾಡಿದ್ದರು. ಕೆಡವಿದ ಮೇಲೆ ನೋಡಿದರೆ ಅಲ್ಲಿ ಈಶಾನ್ಯದವರ ಜೊತೆ ನಮ್ಮ ಉತ್ತರ ಕರ್ನಾಟಕದಿಂದ ದುಡಿಯಲು ಹೋದವರೂ ಇದ್ದರು. ಬರೆ ಎಳೆಯಲು ಹೋದವರು ಎಮ್ಮೆ ಯಾವುದೆಂದೂ ನೋಡಿರಲಿಲ್ಲ. ಆ ತೆರವು ಕಾನೂನುಬಾಹಿರ ಎಂದದ್ದೂ ಓಕ ಅವರ ಪೀಠವೇ.

ಬೀದರಿನ ಶಾಹೀನ್ ಶಾಲೆಯದು ಇನ್ನೊಂದು ಬಗೆ. 2020ರ ಜನವರಿಯಲ್ಲಿ ಮಕ್ಕಳು ಪೌರತ್ವ ಕಾಯ್ದೆಯ ವಿರುದ್ಧ ನಾಟಕ ಆಡಿದರು. ಟೀಕೆ ಇದ್ದದ್ದು ನಮ್ಮದೇ ಸರ್ಕಾರದ ಮೇಲೆ. ಮುಖ್ಯೋಪಾಧ್ಯಾಯಿನಿಯೂ ಒಬ್ಬ ವಿದ್ಯಾರ್ಥಿನಿಯ ತಾಯಿಯೂ ಜೈಲಿಗೆ ಹೋದರು. ಸಮವಸ್ತ್ರದ ಪೊಲೀಸರು ಮಕ್ಕಳನ್ನು ಮತ್ತೆ ಮತ್ತೆ ಕೂರಿಸಿ ಪ್ರಶ್ನಿಸಿದರು. 2023ರಲ್ಲಿ ಹೈಕೋರ್ಟಿನ ಕಲಬುರಗಿ ಪೀಠ ರಾಜದ್ರೋಹದ ಕೇಸು ರದ್ದು ಮಾಡಿತು, ಪ್ರಧಾನಿಯ ಬಗ್ಗೆ ಬಳಸಿದ ಮಾತು ಹೊಣೆಗೇಡಿತನದ್ದು ಎಂದೂ ಜೊತೆಗೆ ಹೇಳಿತು. ಸರ್ಕಾರದ ಟೀಕೆ ದೇಶದ ವಿರೋಧವಾಗಿ, ದೇಶದ ವಿರೋಧ ಒಂದು ಧರ್ಮದ ಗುಣವಾಗಿ ಬದಲಾಗುವುದಕ್ಕೆ ಎಷ್ಟು ಕಡಿಮೆ ಹೊತ್ತು ಸಾಕು ಎಂಬುದಕ್ಕೆ ಬೀದರ್ ನಿದರ್ಶನ.

ನ್ಯಾಯಾಲಯದ ಪೀಠದಿಂದಲೇ ಗೆರೆ ಮಸುಕಾದದ್ದೂ ಉಂಟು. 2024ರ ಆಗಸ್ಟಿನಲ್ಲಿ ವಿಚಾರಣೆಯೊಂದರ ನಡುವೆ ಕರ್ನಾಟಕ ಹೈಕೋರ್ಟಿನ ನ್ಯಾಯಮೂರ್ತಿ ವೇದವ್ಯಾಸಾಚಾರ್ ಶ್ರೀಶಾನಂದ ಅವರು ಬೆಂಗಳೂರಿನ ಮೈಸೂರು ರಸ್ತೆಯ ಗೋರಿಪಾಳ್ಯವನ್ನು ಪಾಕಿಸ್ತಾನ ಎಂದರು. ವಿಡಿಯೊ ಹರಡಿತು. ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳು ತಾವಾಗಿಯೇ ವಿಷಯ ಎತ್ತಿಕೊಂಡರು. ಶ್ರೀಶಾನಂದರು ತೆರೆದ ನ್ಯಾಯಾಲಯದಲ್ಲಿ ವಿಷಾದ ಹೇಳಿದ ಮೇಲೆ ಸೆಪ್ಟೆಂಬರ್ 25ರಂದು ಪ್ರಕರಣ ಮುಗಿಸಿದ ಮುಖ್ಯ ನ್ಯಾಯಮೂರ್ತಿ ಚಂದ್ರಚೂಡ್, ಭಾರತದ ನೆಲದ ಯಾವ ಭಾಗವನ್ನೂ ಯಾರೂ ಪಾಕಿಸ್ತಾನ ಎನ್ನುವಂತಿಲ್ಲ, ಅದು ದೇಶದ ಸಮಗ್ರತೆಗೇ ವಿರುದ್ಧ ಎಂದರು. ಗೋರಿಪಾಳ್ಯವೆಂದಷ್ಟೇ ಅಲ್ಲ, ನಮ್ಮ ಪ್ರತಿ ತಾಲ್ಲೂಕು ಕೇಂದ್ರದಲ್ಲೂ ಒಂದು ‘ಮಿನಿ ಪಾಕಿಸ್ತಾನ’ ಇದೆ, ಹೆಸರಿಟ್ಟವರು ನಾವೇ. ಅಲ್ಲಿ ಗ್ಯಾರೇಜ್ ಇದೆ, ಹಣ್ಣಿನ ಗಾಡಿ ಇದೆ, ತುಂಬಿದ ಚರಂಡಿ ಇದೆ. ಇಸ್ಲಾಮಾಬಾದಿನ ವಿದೇಶಾಂಗ ನೀತಿ ಮಾತ್ರ ಎಲ್ಲಿಯೂ ಕಾಣುವುದಿಲ್ಲ.

ಆದರೆ ಎದುರಿನ ಮನುಷ್ಯನನ್ನು ‘ಪಾಕಿಸ್ತಾನಿ’ ಎಂದು ಕರೆದರೆ? ಜಾರ್ಖಂಡಿನ ಸರ್ಕಾರಿ ನೌಕರರೊಬ್ಬರನ್ನು ಹಾಗೆ ಬೈದ ಮೊಕದ್ದಮೆಯಲ್ಲಿ, 2025ರ ಫೆಬ್ರುವರಿಯಲ್ಲಿ, ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿಗಳಾದ ಬಿ.ವಿ. ನಾಗರತ್ನ ಮತ್ತು ಸತೀಶ್ ಚಂದ್ರ ಶರ್ಮ ಅದು ಕೀಳು ಅಭಿರುಚಿಯ ಮಾತು ನಿಜ, ಆದರೆ ಧಾರ್ಮಿಕ ಭಾವನೆ ಕೆರಳಿಸಿದ ಅಪರಾಧವಾಗದು ಎಂದರು. ಹಲವರಿಗೆ ಬೇಸರವಾಯಿತು. ನನಗೆ ತೀರ್ಪು ಸರಿ ಎನಿಸುತ್ತದೆ. ಹಗೆಯ ಮಾತೆಲ್ಲವನ್ನೂ ಜೈಲಿಗೆ ಕಳಿಸುವ ಕಾನೂನು ಇಟ್ಟುಕೊಂಡರೆ ಅದು ಮೊದಲು ಬೀದರಿನ ತಾಯಿಯ ಮನೆಯ ಬಾಗಿಲು ತಟ್ಟುತ್ತದೆ, ಇಲ್ಲಿಯತನಕದ ಅನುಭವ ಅದೇ. ಸಹ್ಯ ಅಸಹ್ಯಗಳ ಗೆರೆ ಬೇರೆ, ಅಪರಾಧದ ಗೆರೆ ಬೇರೆ. ಮೊದಲನೆಯದನ್ನು ನಾವೇ ಕಾಯಬೇಕು, ಪೊಲೀಸರಿಗೆ ಗುತ್ತಿಗೆ ಕೊಡಲಾಗದು.

ಕಾಯದಿದ್ದರೆ ಏನಾಗುತ್ತದೆ ಎಂದು 2025ರ ಏಪ್ರಿಲ್ 27ರಂದು ಮಂಗಳೂರಿನ ಹೊರವಲಯದ ಕುಡುಪು ತೋರಿಸಿತು. ಪಹಲ್ಗಾಮದಲ್ಲಿ 26 ಜನರನ್ನು, ಧರ್ಮ ಕೇಳಿ ಕೇಳಿ, ಕೊಂದು ಐದು ದಿನವಾಗಿತ್ತು. ಶಿವಮೊಗ್ಗಕ್ಕೂ ಬೆಂಗಳೂರಿಗೂ ಶವಪೆಟ್ಟಿಗೆಗಳು ಬಂದಿದ್ದವು. ಹೊಟ್ಟೆ ಉರಿಯದ ಮನುಷ್ಯನಿರಲಿಲ್ಲ. ಕುಡುಪುವಿನ ಕ್ರಿಕೆಟ್ ಮೈದಾನದಲ್ಲಿ ಕೇರಳದಿಂದ ಬಂದಿದ್ದ, ಗುಜರಿ ಹೆಕ್ಕಿ ಬದುಕುತ್ತಿದ್ದ ಒಬ್ಬನನ್ನು ಗುಂಪೊಂದು ಹೊಡೆದು ಕೊಂದಿತು. ಪಾಕಿಸ್ತಾನಕ್ಕೆ ಜೈ ಎಂದ ಎಂಬುದು ಹೊಡೆದವರ ಕಡೆಯಿಂದ ಬಂದ ಮಾತು. ಅಂದಿದ್ದನೋ ಇಲ್ಲವೋ, ಅನ್ನುವುದಕ್ಕೆ ಅವನಿಲ್ಲ. ಪಹಲ್ಗಾಮದ ಕೊಲೆಗಡುಕರು ಪ್ರವಾಸಿಗಳಲ್ಲಿ ಭಾರತ ಸರ್ಕಾರವನ್ನು ಕಂಡರು, ಕುಡುಪುವಿನವರು ಗುಜರಿ ಚೀಲದಲ್ಲಿ ಪಾಕಿಸ್ತಾನವನ್ನು ಕಂಡರು.

ಮರುತಿಂಗಳು ಈ ಹಗೆ ಸೈನ್ಯದ ಸಮವಸ್ತ್ರವನ್ನೂ ಬಿಡಲಿಲ್ಲ. ಪಾಕಿಸ್ತಾನದ ಮೇಲಿನ ದಾಳಿಯ ವಿವರವನ್ನು ದೇಶಕ್ಕೆ ಕೊಟ್ಟವರಲ್ಲಿ ಒಬ್ಬರು ಕರ್ನಲ್ ಸೋಫಿಯಾ ಖುರೇಶಿ, ನಮ್ಮ ಗೋಕಾಕ ತಾಲ್ಲೂಕಿನ ಕೊಣ್ಣೂರಿನ ಸೊಸೆ. ಮಧ್ಯಪ್ರದೇಶದ ಸಚಿವ ವಿಜಯ್ ಶಾ ಅವರನ್ನು ಭಯೋತ್ಪಾದಕರ ಸೋದರಿ ಎನ್ನುವ ಅರ್ಥದಲ್ಲಿ ಭಾಷಣ ಮಾಡಿದರು. ಅಲ್ಲಿಯ ಹೈಕೋರ್ಟ್ ಎಫ್‌ಐಆರ್ ಹಾಕಲು ಹೇಳಬೇಕಾಯಿತು. ಇಷ್ಟಕ್ಕೂ ಧರ್ಮವನ್ನು ಕೇಳಿ ಹಗೆ ಹುಟ್ಟುತ್ತದೆ ಎಂದುಕೊಂಡರೂ ಪೂರ್ತಿ ಸರಿಯಲ್ಲ, ಕೆಲವೊಮ್ಮೆ ಅದಕ್ಕೆ ಕೇಳುವಷ್ಟೂ ತಾಳ್ಮೆ ಇರುವುದಿಲ್ಲ. ಪುಲ್ವಾಮದ ನಂತರ 2019ರ ಫೆಬ್ರುವರಿಯಲ್ಲಿ ಗುಂಪೊಂದು ಬೆಂಗಳೂರಿನ ಇಂದಿರಾನಗರದ ಕರಾಚಿ ಬೇಕರಿಯ ಬೋರ್ಡಿನಲ್ಲಿ ‘ಕರಾಚಿ’ಯನ್ನು ಮುಚ್ಚಿಸಿತು. ಆ ಬೇಕರಿ ಕಟ್ಟಿದವರು ದೇಶವಿಭಜನೆಯಲ್ಲಿ ಮನೆಮಾರು ಬಿಟ್ಟು ಬಂದ ಸಿಂಧಿ ಹಿಂದೂಗಳು.

ಗೋರಿಪಾಳ್ಯದ ಮಾತು ಬಂತಲ್ಲ, ಅದೇ ಮೈಸೂರು ರಸ್ತೆಯಲ್ಲಿ ಯೆಹೂದ್ಯರ ಪುಟ್ಟ ಸ್ಮಶಾನವೊಂದಿದೆ. ಕಳೆದ ಶತಮಾನದ ಆರಂಭದಲ್ಲಿ ಮೈಸೂರು ಅರಸರು ಕೊಟ್ಟ ಜಾಗ. ಅಲ್ಲಿ ಮಲಗಿರುವವರಲ್ಲಿ ಇಸ್ರೇಲ್ ಎಂಬ ದೇಶ ಹುಟ್ಟುವ ಮೊದಲೇ ಸತ್ತವರಿದ್ದಾರೆ. ಇಸ್ರೇಲಿನ ವಿಷಯದಲ್ಲಿ ಪಶ್ಚಿಮದವರು ನಮ್ಮದೇ ಪ್ರಶ್ನೆಯನ್ನು ತಲೆಕೆಳಗಾಗಿ ಎದುರಿಸುತ್ತಿದ್ದಾರೆ. ಅಲ್ಲಿ ದೇಶದ ಟೀಕೆಯನ್ನು ಧರ್ಮದ್ವೇಷ ಎಂದು ಮುಚ್ಚಿಸುವ ಯತ್ನವೂ ನಡೆದಿದೆ, ದೇಶದ ಟೀಕೆಯ ಮರೆಯಲ್ಲಿ ಹಳೆಯ ಯೆಹೂದಿ ದ್ವೇಷವೂ ನುಸುಳುತ್ತಿದೆ. ಅಂತರರಾಷ್ಟ್ರೀಯ ಹತ್ಯಾಕಾಂಡ ಸ್ಮರಣ ಒಕ್ಕೂಟ 2016ರಲ್ಲಿ ಒಪ್ಪಿದ ವ್ಯಾಖ್ಯೆ ಯೆಹೂದಿ ದ್ವೇಷಕ್ಕೆ 11 ಉದಾಹರಣೆ ಕೊಡುತ್ತದೆ, ಹೆಚ್ಚಿನವು ಇಸ್ರೇಲಿಗೆ ಸಂಬಂಧಿಸಿದವು. ಅದರ ಕರಡು ಬರೆದವರಲ್ಲಿ ಪ್ರಮುಖರಾದ ಕೆನೆತ್ ಸ್ಟರ್ನ್ ಅವರೇ, ಅಂಕಿಅಂಶ ಸಂಗ್ರಹಕ್ಕೆಂದು ಬರೆದದ್ದನ್ನು ಕಾಲೇಜುಗಳಲ್ಲಿ ಬಾಯಿ ಮುಚ್ಚಿಸಲು ಬಳಸುತ್ತಿದ್ದಾರೆ ಎಂದು ದೂರಿದರು. 2021ರಲ್ಲಿ ವಿದ್ವಾಂಸರ ಇನ್ನೊಂದು ಗುಂಪು ಜೆರುಸಲೇಮ್ ಘೋಷಣೆ ಹೊರಡಿಸಿ, ಪ್ರಭುತ್ವದ ಟೀಕೆ ಎಷ್ಟೇ ತೀಕ್ಷ್ಣವಾಗಿರಲಿ ಅದರಷ್ಟಕ್ಕೇ ದ್ವೇಷವಾಗದು, ದೂರದೇಶದ ಯೆಹೂದ್ಯರನ್ನು ಇಸ್ರೇಲಿನ ನಡತೆಗೆ ಹೊಣೆ ಮಾಡುವುದು ದ್ವೇಷ ಎಂದಿತು. ಗಾಜಾದಲ್ಲಿ ಸತ್ತ ಮಕ್ಕಳ ಲೆಕ್ಕ ಕೇಳುವುದು ಮನುಷ್ಯನ ಕರ್ತವ್ಯ. 2008ರ ನವೆಂಬರಿನಲ್ಲಿ ಮುಂಬೈಗೆ ನುಗ್ಗಿದವರು ಯೆಹೂದ್ಯರ ಕೇಂದ್ರವಾಗಿದ್ದ ನಾರಿಮನ್ ಹೌಸನ್ನು ಹುಡುಕಿಕೊಂಡು ಹೋಗಿ ಅಲ್ಲಿಯ ಧರ್ಮಗುರು, ಅವರ ಗರ್ಭಿಣಿ ಹೆಂಡತಿ, ಅತಿಥಿಗಳನ್ನು ಕೊಂದದ್ದರಲ್ಲಿ ಯಾವ ಪ್ಯಾಲೆಸ್ಟೀನೂ ಇರಲಿಲ್ಲ.

ನಾವು ಅಲ್ಪಸಂಖ್ಯಾತರಾಗಿರುವ ಕಡೆ ಈ ಗೆರೆ ನಮಗೆ ಥಟ್ಟನೆ ಕಾಣುತ್ತದೆ. 2024ರ ಆಗಸ್ಟಿನಲ್ಲಿ ಶೇಖ್ ಹಸೀನಾ ಬಿದ್ದ ಮೇಲೆ ಬಾಂಗ್ಲಾದೇಶದಲ್ಲಿ ಭಾರತದ ಮೇಲಿನ ಸಿಟ್ಟು ಹಿಂದೂಗಳ ಮನೆ, ಗುಡಿಗಳ ಮೇಲೆ ತಿರುಗಿತು. ನವೆಂಬರ್ 25ರಂದು ಚಿನ್ಮಯ ಕೃಷ್ಣ ದಾಸ್ ಎಂಬ ಸನ್ಯಾಸಿಯನ್ನು ರಾಷ್ಟ್ರಧ್ವಜಕ್ಕೆ ಅಪಮಾನ ಮಾಡಿದರೆಂದು ರಾಜದ್ರೋಹದ ಕೇಸಿನಲ್ಲಿ ಬಂಧಿಸಿದರು. ಇದನ್ನು ಇಲ್ಲಿ ಎಲ್ಲರೂ ಅನ್ಯಾಯ ಎಂದರು, ಸರಿಯಾಗಿಯೇ ಅಂದರು. ಧ್ವಜ, ಅಪಮಾನ, ರಾಜದ್ರೋಹ, ನೆರೆದೇಶದ ಏಜೆಂಟು: ಪದಗಳೆಲ್ಲ ಪರಿಚಿತವೇ ಅಲ್ಲವೇ ಎಂದು ಯಾರೂ ಗಟ್ಟಿಯಾಗಿ ಕೇಳಿದ್ದು ನನ್ನ ಕಿವಿಗೆ ಬೀಳಲಿಲ್ಲ. ಅದೇ ತಿಂಗಳು ಕೆನಡಾದ ಬ್ರಾಂಪ್ಟನ್ನಿನಲ್ಲಿ ಭಾರತ ಸರ್ಕಾರದ ವಿರುದ್ಧ ಬಾವುಟ ಹಿಡಿದು ಬಂದ ಖಲಿಸ್ತಾನಿಗಳು ದೇವಸ್ಥಾನದ ಆವರಣದಲ್ಲಿ ಭಕ್ತರ ಮೇಲೆ ಕೈಮಾಡಿದರು. ಬಾವುಟ ಅವರ ಹಕ್ಕು, ಭಕ್ತರ ಬೆನ್ನು ಅವರ ಹಕ್ಕಲ್ಲ. ಇನ್ನೊಂದು ತುದಿಯೂ ಇದೆ. 2023ರಲ್ಲಿ ಕ್ಯಾಲಿಫೋರ್ನಿಯದಲ್ಲಿ ಜಾತಿ ತಾರತಮ್ಯ ತಡೆಯುವ ಮಸೂದೆ ಬಂದಾಗ ಅಲ್ಲಿಯ ಹಲವು ಹಿಂದೂ ಸಂಘಟನೆಗಳು ಅದು ಹಿಂದೂ ದ್ವೇಷ ಎಂದವು, ಕೊನೆಗೆ ರಾಜ್ಯಪಾಲರು ಅದಕ್ಕೆ ಅಂಕಿತ ಹಾಕಲಿಲ್ಲ. ಕುಲದ ಪ್ರಶ್ನೆ ಎತ್ತಿದವರನ್ನು ದ್ವೇಷಿಗಳೆಂದರೆ ನಮ್ಮ ಕಾಗಿನೆಲೆಯನ್ನು ಎಲ್ಲಿಡುವುದು?

ಇಷ್ಟು ಹೇಳಿದ ಮೇಲೂ ಒಂದು ಗಂಟು ಬಿಚ್ಚದೆ ಉಳಿಯುತ್ತದೆ. ದೇಶವೇ ತನ್ನನ್ನು ಒಂದು ಧರ್ಮದ ಹೆಸರಿನಲ್ಲಿ ಕರೆದುಕೊಂಡರೆ? ಪಾಕಿಸ್ತಾನ ಇಸ್ಲಾಮೀ ಗಣರಾಜ್ಯ. ಇಸ್ರೇಲ್ 2018ರ ಕಾನೂನಿನಲ್ಲಿ ತಾನು ಯೆಹೂದ್ಯರ ರಾಷ್ಟ್ರ ಎಂದಿತು. ನಮ್ಮಲ್ಲೂ ಹಾಗೆ ಕರೆದುಕೊಳ್ಳೋಣ ಎನ್ನುವವರು ಕಡಿಮೆ ಇಲ್ಲ. ಅಂಥಲ್ಲಿ ಪ್ರಭುತ್ವವನ್ನು ಟೀಕಿಸಹೋದರೆ ಮಾತು ಧರ್ಮಕ್ಕೆ ತಗಲಿಯೇ ತಗಲುತ್ತದೆ, ಧರ್ಮನಿಂದೆಯ ಕಾನೂನನ್ನು ಧರ್ಮದ ಮಾತೆತ್ತದೆ ಖಂಡಿಸುವುದು ಹೇಗೆ? ಆಗಲಿ, ಧರ್ಮವೂ ಟೀಕೆಗೆ ಹೊರತಲ್ಲ. 2010ರ ಮಾರ್ಚ್ 1ರಂದು ತಸ್ಲೀಮಾ ನಸ್ರೀನ್ ಹೆಸರಿನಲ್ಲಿ ಬುರ್ಖಾ ಕುರಿತು ಕನ್ನಡ ಪತ್ರಿಕೆಯೊಂದರಲ್ಲಿ ಲೇಖನ ಬಂದು ಶಿವಮೊಗ್ಗ, ಹಾಸನಗಳಲ್ಲಿ ಗಲಭೆಯಾಯಿತು, ಶಿವಮೊಗ್ಗದಲ್ಲಿ ಇಬ್ಬರು ಸತ್ತರು. ಬುರ್ಖಾವನ್ನು ಪ್ರಶ್ನಿಸುವುದು ಮುಸ್ಲಿಂ ಹೆಣ್ಣುಮಗಳನ್ನು ದ್ವೇಷಿಸಿದಂತಲ್ಲ, ಬಸ್ಸಿನಲ್ಲಿ ಬುರ್ಖಾ ತೊಟ್ಟವಳ ಪಕ್ಕ ಕೂರಲು ಒಲ್ಲೆ ಎನ್ನುವುದು ದ್ವೇಷ. ಆದರೆ ಒಂದೇ ಲೇಖನವನ್ನು ಒಬ್ಬರು ಸುಧಾರಣೆಗಾಗಿ ಅಚ್ಚು ಹಾಕಬಹುದು, ಇನ್ನೊಬ್ಬರು ಕೆರಳಿಸುವುದಕ್ಕಾಗಿ. ಮಾತನ್ನು ನೋಡಿ ಇದನ್ನು ಹೇಳಲಾಗದು, ಆಡಿದವರು ತಮ್ಮ ಧರ್ಮದ ಬಗ್ಗೆ ಅದೇ ಮಾತು ಬಂದಾಗ ಏನು ಮಾಡಿದರು ಎಂದು ನೋಡಬೇಕಾಗುತ್ತದೆ. ಅದು ಕೋರ್ಟಿನ ಸಾಕ್ಷ್ಯವಾಗದು, ಊರಿನ ನೆನಪಿಗೆ ಮಾತ್ರ ಸಿಗುವಂಥದು.

2012ರ ಜನವರಿ 1ರಂದು ವಿಜಯಪುರ ಜಿಲ್ಲೆಯ ಸಿಂದಗಿ ಕಣ್ಣುಬಿಟ್ಟಾಗ ತಹಶೀಲ್ದಾರ್ ಕಚೇರಿಯ ಕಂಬದ ಮೇಲೆ ಪಾಕಿಸ್ತಾನದ ಧ್ವಜ ಹಾರುತ್ತಿತ್ತು. ಪ್ರತಿಭಟನೆ ಎದ್ದಿತು, ಊರು ಕುದಿಯಿತು. ಕೆಲವೇ ದಿನಗಳಲ್ಲಿ ಪೊಲೀಸರು ಆರು ಯುವಕರನ್ನು ಬಂಧಿಸಿದರು. ಶ್ರೀರಾಮ ಸೇನೆಯ ಜೊತೆ ನಂಟಿರುವವರು, ಕೋಮು ಗಲಭೆ ಎಬ್ಬಿಸಲು ತಾವೇ ಧ್ವಜ ಏರಿಸಿದರು ಎಂಬುದು ಆರೋಪ. ಅವರು ತಮ್ಮವರಲ್ಲ ಎಂದು ಸೇನೆಯ ಮುಖ್ಯಸ್ಥ ಪ್ರಮೋದ್ ಮುತಾಲಿಕ್ ಹೇಳಿದರು. ಬಂಧನವಾಗುವತನಕ ಸಿಂದಗಿಯಲ್ಲಿ ಯಾರ ಓಣಿಯ ಕಡೆ ಬೆರಳು ತೋರಿಸಿದ್ದರು ಎಂಬುದಕ್ಕೆ ಯಾವ ಠಾಣೆಯಲ್ಲೂ ಎಫ್‌ಐಆರ್ ದಾಖಲಾಗುವುದಿಲ್ಲ.